ಮಗುವಿನ ಕಾಯಿಲೆಯ ಮೊದಲ ದಿನವೇ ನರ್ಸಮ್ಮನವರ ಬಳಿಗೆ

(ತಾಯಂದಿರ ಮತ್ತು ಗ್ರಾಮದ ಹಿರಿಯರ ಸಭೆಯಲ್ಲಿ ಮಾಡಿದ ಭಾಷಣ)



ರೇಷ್ಮೆ ಹುಳು ಸಾಕುವ ಸೀಮೆಯಲ್ಲಿ ಮಕ್ಕಳ ಕಾಯಿಲೆಯ ಮಾತನ್ನು ಆಡುವುದು ಒಂದು ವಿಧದಲ್ಲಿ ಸುಲಭ. ಶಿಡ್ಲಘಟ್ಟದ ಕಡೆಯಾಗಲಿ, ಚಿಂತಾಮಣಿಯ ಕಡೆಯಾಗಲಿ, ಹುಳು ಎರಡನೇ ಜ್ವರಕ್ಕೆ ಕೂತಿದೆಯೋ ಜ್ವರದಿಂದ ಎದ್ದಿದೆಯೋ ಎಂಬುದನ್ನು ಮನೆಯ ಸಣ್ಣ ಹುಡುಗಿಯೂ ನೋಡಿದೊಡನೆ ಹೇಳುತ್ತಾಳೆ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ತಟ್ಟೆಯ ಅಂಚಿಗೆ ಹರಿದಾಡಿದರೆ, ಮೈ ಊದಿ ಹೊಳೆಯತೊಡಗಿದರೆ, ಹಾಲುತೊಂಡೆ ಬಂತೆಂದು ಎದೆ ಧಸಕ್ಕೆನ್ನುತ್ತದೆ. ನಾಳೆ ನೋಡೋಣವೆಂದು ಯಾರೂ ಸುಮ್ಮನೆ ಕೂರುವುದಿಲ್ಲ. ಆ ಗಳಿಗೆಯಲ್ಲೇ ಆ ಹುಳುಗಳನ್ನು ಆರಿಸಿ ತೆಗೆಯುತ್ತೀರಿ, ತಿಳಿದವರನ್ನು ಕೇಳುತ್ತೀರಿ. ಆದರೆ ಅದೇ ಮನೆಯಲ್ಲಿ ಎಂಟು ತಿಂಗಳ ಮಗು ಹಾಲು ಕುಡಿಯುವುದನ್ನು ಬಿಟ್ಟು ಮಂಕಾಗಿ ಮಲಗಿದರೆ ಎರಡು ದಿನ ಕಾಯುತ್ತೇವೆ. ದೃಷ್ಟಿ ತೆಗೆಯುತ್ತೇವೆ. ಅಂಗಡಿಯಿಂದ ಒಂದು ಸಿರಪ್ ತರಿಸುತ್ತೇವೆ. ಮೂರನೆಯ ದಿನ ಪೇಟೆಯ ಆಸ್ಪತ್ರೆಗೆ ಓಡುತ್ತೇವೆ.

ಇಂದು ನಾನು ನಿಮಗೆ ಹೇಳಬೇಕೆಂದು ಬಂದಿರುವುದು ಈ ಎರಡು ದಿನಗಳ ವಿಷಯ. ಮಗುವಿಗೆ ಕಾಯಿಲೆ ಬಂದ ಮೊದಲ ದಿನವೇ ಅದನ್ನು ನಿಮ್ಮ ಉಪಕೇಂದ್ರದ ನರ್ಸಮ್ಮನವರಿಗೆ ತೋರಿಸಿರಿ. ಇಲ್ಲಿಯೇ ವಾಸಿಮಾಡಬಹುದು ಎಂದು ಅವರು ಹೇಳಿದರೆ ಹೇಳಿದಷ್ಟು ದಿನವೂ ಔಷಧ ಕೊಡಿರಿ. ಹೊರಡಿರಿ ಎಂದು ಹೇಳಿದರೆ ಕೂಡಲೇ ಹೊರಡಿರಿ.

ನರ್ಸು ಎಂದರೆ ಡಾಕ್ಟರರ ಹಿಂದೆ ತಟ್ಟೆ ಹಿಡಿದು ನಿಲ್ಲುವವರು, ಸೂಜಿ ಚುಚ್ಚುವವರು, ಕಟ್ಟು ಕಟ್ಟುವವರು ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇದೆ. ಹೊರದೇಶಗಳಲ್ಲೂ ಒಂದು ಕಾಲಕ್ಕೆ ಹಾಗೆಯೇ ಇತ್ತು. 1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸಮ್ಮನವರೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರರೂ ಸೇರಿ ಒಂದು ಹೊಸ ಶಿಕ್ಷಣವನ್ನು ಆರಂಭಿಸಿದರು. ಡಾಕ್ಟರರು ವಿರಳವಾಗಿದ್ದ ಹಳ್ಳಿಗಾಡಿನಲ್ಲಿ ಮಕ್ಕಳನ್ನು ಪರೀಕ್ಷಿಸಿ, ಸಾಮಾನ್ಯ ಕಾಯಿಲೆಗಳಿಗೆ ತಾವೇ ಚಿಕಿತ್ಸೆ ಕೊಟ್ಟು, ಕಷ್ಟದ ಕಾಯಿಲೆಯನ್ನು ಗುರುತಿಸಿ ಮುಂದಕ್ಕೆ ಕಳುಹಿಸುವ ನರ್ಸುಗಳನ್ನು ಅಲ್ಲಿ ತಯಾರು ಮಾಡಿದರು. ಅವರಿಗೆ ನರ್ಸ್ ಪ್ರಾಕ್ಟೀಷನರ್ ಎಂದು ಹೆಸರು ಬಂತು. ಮೊದಲು ವಿರೋಧಿಸಿದವರಲ್ಲಿ ಡಾಕ್ಟರರು ಮಾತ್ರವಲ್ಲ, ನರ್ಸುಗಳಿಗೆ ಪಾಠ ಹೇಳುವವರೂ ಇದ್ದರು ಎಂಬುದು ಸ್ವಾರಸ್ಯದ ಸಂಗತಿ. ಆದರೂ ಆ ಕೆಲಸ ಬೇರೂರಿತು. ಇಂದು ಅನೇಕ ದೇಶಗಳಲ್ಲಿ ಅಂಥವರು ಇದ್ದಾರೆ.

ನಮ್ಮ ದೇಶದಲ್ಲಿ ದಾರಿ ಸ್ವಲ್ಪ ಬೇರೆಯಾಯಿತು. ಸಮುದಾಯ ಅಭಿವೃದ್ಧಿ ಯೋಜನೆ 1952ರ ಅಕ್ಟೋಬರ್ 2ರಂದು ಆರಂಭವಾದಾಗ ಬ್ಲಾಕಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಕೆಳಗೆ ಕೆಲವು ಉಪಕೇಂದ್ರಗಳು ಎಂಬ ಏರ್ಪಾಟು ಬಂತು. ಈಗಿನ ಲೆಕ್ಕದಲ್ಲಿ ಬಯಲು ಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ ಇರಬೇಕು. ಅಲ್ಲಿರುವ ನರ್ಸಮ್ಮನವರನ್ನು ಹಿಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಕರೆಯುತ್ತಿದ್ದರು. ಹೆರಿಗೆಯೂ ಲಸಿಕೆಯೂ ಅವರ ಮುಖ್ಯ ಕೆಲಸವಾಗಿತ್ತು. ಇಪ್ಪತ್ತು ವರ್ಷಗಳಿಗೂ ಹಿಂದಿನಿಂದ ಅವರಿಗೆ ಮಕ್ಕಳ ಕಾಯಿಲೆಯನ್ನು ಕ್ರಮವಾಗಿ ಪರೀಕ್ಷಿಸುವ ಬೇರೆ ತರಬೇತಿಯನ್ನೂ ಕೊಡುತ್ತಾ ಬಂದಿದ್ದಾರೆ. 2018ರಿಂದ ಈಚೆಗೆ ಅನೇಕ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಮತ್ತೊಬ್ಬರು ಬಂದಿದ್ದಾರೆ. ಇವರಲ್ಲಿ ಬಹುಮಂದಿ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದವರು. ಉಪಕೇಂದ್ರದ ಗೋಡೆಯ ಮೇಲೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬರೆದಿದ್ದರೆ ಅಲ್ಲಿ ಇಂಥವರು ಇರಬೇಕೆಂದು ತಿಳಿಯಿರಿ. ಮಕ್ಕಳ ಶುಶ್ರೂಷೆಯನ್ನೇ ವಿಶೇಷವಾಗಿ ಓದಿ ಎಂ.ಎಸ್ಸಿ. ಮಾಡಿದ ನರ್ಸುಗಳೂ ನಾಡಿನಲ್ಲಿ ಉಂಟು; ಆದರೆ ಅವರು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಇರುತ್ತಾರೆ. ಹಳ್ಳಿಯ ಮಗುವಿನ ಪಾಲಿಗೆ ಆ ಕೆಲಸವನ್ನು ಮಾಡತಕ್ಕವರು ನಮ್ಮ ಉಪಕೇಂದ್ರದ ಈ ಇಬ್ಬರೇ. ನಾನು ಇಬ್ಬರನ್ನೂ ನರ್ಸಮ್ಮ ಎಂದೇ ಕರೆಯುತ್ತೇನೆ. ಕೆಲವೆಡೆ ಗಂಡಸರೂ ಈ ಕೆಲಸದಲ್ಲಿ ಇದ್ದಾರೆ, ಅವರು ಬೇಸರಪಡಬಾರದು.

ಇವರು ಮಗುವನ್ನು ನೋಡುವ ಬಗೆ ಹೇಗೆ? ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿ ಎನ್ನೋಣ. ಮಗುವಿಗೆ ಎಂಟು ತಿಂಗಳು. ನಿನ್ನೆಯಿಂದ ಕೆಮ್ಮು, ಮೈ ಬಿಸಿ. ತಾಯಿ ಮಗುವನ್ನು ಎತ್ತಿಕೊಂಡು, ಜೊತೆಗೆ ಅಜ್ಜಿ, ಉಪಕೇಂದ್ರಕ್ಕೆ ಬರುತ್ತಾರೆ. ನರ್ಸಮ್ಮನವರು ಮೊದಲು ಕೇಳುವುದು ಕೆಮ್ಮಿನ ಮಾತನ್ನಲ್ಲ. ಮಗು ಹಾಲು ಕುಡಿಯುತ್ತದೆಯೇ? ಕುಡಿದುದನ್ನೆಲ್ಲಾ ವಾಂತಿ ಮಾಡುತ್ತದೆಯೇ? ಫಿಟ್ಸ್ ಬಂದಿತ್ತೇ? ಎಬ್ಬಿಸಿದರೆ ಏಳುತ್ತದೆಯೇ, ಮಂಕಾಗಿ ಬಿದ್ದಿರುತ್ತದೆಯೇ? ಈ ನಾಲ್ಕರಲ್ಲಿ ಒಂದು ಕಂಡರೂ ಸಾಕು, ಅದು ಅಪಾಯದ ಗುರುತು. ಮುಂದಿನ ಮಾತು ಆಸ್ಪತ್ರೆಯದೇ. ನಮ್ಮ ಮಗುವಿಗೆ ಅಂಥದು ಯಾವುದೂ ಇಲ್ಲ.

ಆಮೇಲೆ ಅವರು ಮಗುವಿನ ಅಂಗಿಯನ್ನು ಮೇಲಕ್ಕೆತ್ತಿ, ತಾಯಿಯ ತೊಡೆಯ ಮೇಲೆ ಅದು ಸುಮ್ಮನಿರುವಾಗ, ಗಡಿಯಾರ ಹಿಡಿದು ಪೂರಾ ಒಂದು ನಿಮಿಷ ಉಸಿರನ್ನು ಎಣಿಸುತ್ತಾರೆ. ಅಜ್ಜಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಎದೆಗೆ ಕೊಳವೆ ಇಡಲಿಲ್ಲ, ನಾಲಿಗೆ ನೋಡಲಿಲ್ಲ, ಹೊಟ್ಟೆ ನೋಡುತ್ತಾ ಕೂತಿದ್ದಾರಲ್ಲ! ಆದರೆ ಆ ಒಂದು ನಿಮಿಷವೇ ಇಡೀ ಪರೀಕ್ಷೆಯ ತಿರುಳು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಸಲವೋ ಅದಕ್ಕೂ ಹೆಚ್ಚೋ ಉಸಿರಾಡಿದರೆ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡಿದರೆ, ಅದು ಬರಿಯ ನೆಗಡಿಯಲ್ಲ, ಶ್ವಾಸಕೋಶಕ್ಕೆ ಇಳಿದ ನ್ಯುಮೋನಿಯಾ ಇರಬಹುದೆಂದು ತಿಳಿಯಬೇಕು. ಎರಡು ತಿಂಗಳೊಳಗಿನ ಕೂಸಿಗೆ 60ರ ಮೇರೆ. ಅಷ್ಟು ಸಣ್ಣ ಕೂಸಿಗೆ ಎಣಿಕೆ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ ಖಚಿತಮಾಡಿಕೊಳ್ಳುತ್ತಾರೆ.

ನಮ್ಮ ಮಗುವಿನ ಉಸಿರು 56 ಬಂತು. ಉಸಿರು ಎಳೆದುಕೊಳ್ಳುವಾಗ ಎದೆಯ ಕೆಳಭಾಗ, ಪಕ್ಕೆಯ ಅಂಚು ಒಳಕ್ಕೆ ಸೆಳೆಯುತ್ತದೆಯೇ ಎಂದು ನೋಡಿದರು, ಇಲ್ಲ. ಹಾಗಾದರೆ ಇದು ಮನೆಯಲ್ಲೇ ಗುಣಪಡಿಸಬಹುದಾದ ನ್ಯುಮೋನಿಯಾ. ಅಮಾಕ್ಸಿಸಿಲಿನ್ ಎಂಬ ಔಷಧವನ್ನು ಮಗುವಿನ ತೂಕ, ವಯಸ್ಸು ನೋಡಿ ಐದು ದಿನಕ್ಕೆ ಕೊಟ್ಟರು. ಮೊದಲನೆಯ ಪ್ರಮಾಣವನ್ನು ತಾಯಿಯ ಕೈಯಿಂದಲೇ ತಮ್ಮೆದುರಿನಲ್ಲಿ ಹಾಕಿಸಿದರು. ಎರಡು ದಿನ ಬಿಟ್ಟು ಕರೆತರಬೇಕೆಂದರು. ಅದಕ್ಕೆ ಮುಂಚೆ ಪಕ್ಕೆ ಸೆಳೆಯತೊಡಗಿದರೆ, ಹಾಲು ಬಿಟ್ಟರೆ, ಹೊತ್ತು ನೋಡದೆ ಬನ್ನಿರೆಂದರು. ಅಜ್ಜಿ ಕೊನೆಗೆ ತಡೆಯಲಾರದೆ ಕೇಳುತ್ತಾಳೆ: “ಸೂಜಿ ಹಾಕುವುದಿಲ್ಲವೇನಮ್ಮಾ?” “ಬೇಡ ಅಜ್ಜೀ, ಈ ಔಷಧಿಯಲ್ಲೇ ಹೋಗುತ್ತೆ. ಐದು ದಿನ ಮಾತ್ರ ಬಿಡಬೇಡಿ.”

ಈ ಉತ್ತರ ಕೇಳಿ ಎಷ್ಟೋ ಮಂದಿ ಅಸಮಾಧಾನದಿಂದ ಮನೆಗೆ ಹೋಗುತ್ತಾರೆ. ಸಂಜೆಗೆ ಪೇಟೆಯಲ್ಲಿ ಯಾರಾದರೊಬ್ಬರ ಹತ್ತಿರ ದುಡ್ಡು ಕೊಟ್ಟು ಸೂಜಿ ಹಾಕಿಸಿಕೊಂಡು ಬಂದ ಮೇಲೆಯೇ ಅವರಿಗೆ ನೆಮ್ಮದಿ. ಡಾಕ್ಟರರಲ್ಲದ ಡಾಕ್ಟರರು ನಮ್ಮ ಸೀಮೆಯಲ್ಲಿ ಕಡಿಮೆಯೇನೂ ಇಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಉಸಿರು ಎಣಿಸುವುದಿಲ್ಲ. ಸೂಜಿ ಕೊಡದಿದ್ದರೆ ಜನ ಮತ್ತೆ ಬರುವುದಿಲ್ಲವೆಂದು ಕೊಡುತ್ತಾರೆ. ಜ್ವರ ಎರಡು ಗಂಟೆ ಇಳಿಯುತ್ತದೆ, ಮಗು ಕಣ್ಣು ಬಿಡುತ್ತದೆ, ಮನೆಯವರು ಸಂತೋಷಪಡುತ್ತಾರೆ. ಒಳಗಿನ ಕಾಯಿಲೆ ಮುಂದುವರಿಯುತ್ತದೆ. ಮಗುವಿಗೆ ನ್ಯುಮೋನಿಯಾ ಬಂದಾಗ ಹೀಗೆ ಕಳೆಯುವ ಒಂದು ದಿನದ ಬೆಲೆಯನ್ನು ದುಡ್ಡಿನಲ್ಲಿ ಕಟ್ಟಲಾಗದು.

ಕೆಮ್ಮಿನ ಸಿರಪ್ಪಿನ ವಿಷಯ ಬಂದುದರಿಂದ ಒಂದು ಮಾತು. 2025ರಲ್ಲಿ ಮಧ್ಯಪ್ರದೇಶದ ಛಿಂದ್‌ವಾಡಾ ಜಿಲ್ಲೆಯಲ್ಲಿ ವಿಷವಸ್ತು ಬೆರೆತಿದ್ದ ಕೆಮ್ಮಿನ ಸಿರಪ್ ಕುಡಿದು ಮೂತ್ರಪಿಂಡ ಕೆಟ್ಟು ಹಲವಾರು ಮಕ್ಕಳು ಸತ್ತುಹೋದರು. ಅದಾದ ಮೇಲೆ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಕೊಡಕೂಡದೆಂದು ಸೂಚನೆ ಹೊರಡಿಸಿತು. ಹೆಚ್ಚಿನ ಕೆಮ್ಮು ನೆಗಡಿ ತಾನಾಗಿ ಹೋಗುತ್ತದೆ. ಹೋಗದಿರುವ ಕೆಮ್ಮನ್ನು ಸಿರಪ್ಪು ಗುಣಪಡಿಸುವುದಿಲ್ಲ. ಇವೆರಡರಲ್ಲಿ ನಿಮ್ಮ ಮಗುವಿನದು ಯಾವುದು ಎಂದು ಹೇಳಬಲ್ಲವರು ಅಂಗಡಿಯವರಲ್ಲ.

ಈಗ ಬಾಣಂತಿಯ ಕೋಣೆಗೆ ಬರೋಣ. ಒಂದು ವರ್ಷದೊಳಗೆ ತೀರಿಹೋಗುವ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮೊದಲ 28 ದಿನಗಳಲ್ಲೇ ಹೋಗುತ್ತವೆ. ದೇಶದಲ್ಲಿ 1951ರ ಸುಮಾರಿಗೆ ಹುಟ್ಟಿದ ಸಾವಿರ ಮಕ್ಕಳಲ್ಲಿ 146 ಮಕ್ಕಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದುವೆಂದು ಅಂದಾಜು. 2020ರ ಲೆಕ್ಕದಲ್ಲಿ ಆ ಸಂಖ್ಯೆ ದೇಶಕ್ಕೆ 28, ಕರ್ನಾಟಕಕ್ಕೆ 19. ಇಳಿದಿರುವುದು ದೊಡ್ಡ ವಿಷಯವೇ. ಉಳಿದಿರುವ ಸಾವಿನಲ್ಲಿ ದೊಡ್ಡ ಪಾಲು ಈ ಹಸುಗೂಸುಗಳದು. ಅಲ್ಲಿಯೇ ನಮ್ಮ ಹಳೆಯ ಪದ್ಧತಿಗಳು ಅತ್ಯಂತ ಗಟ್ಟಿಯಾಗಿ ನಿಂತಿರುವುದು.

ಹಸುಗೂಸಿನ ಕಾಯಿಲೆ ದೊಡ್ಡ ಮಗುವಿನ ಕಾಯಿಲೆಯಂತೆ ಕೂಗಿ ಹೇಳುವುದಿಲ್ಲ. ಅದಕ್ಕೆ ಜ್ವರವೇ ಬರಬೇಕೆಂದಿಲ್ಲ. ಅನೇಕ ವೇಳೆ ಮೈ ತಣ್ಣಗಾಗುತ್ತದೆ. ನಿನ್ನೆ ಜೋರಾಗಿ ಮೊಲೆ ಚೀಪುತ್ತಿದ್ದ ಕೂಸು ಇಂದು ಚೀಪದೆ ನಿದ್ರಿಸುತ್ತದೆ. ಮನೆಯವರು, ಪಾಪ, ಒಳ್ಳೆಯ ಕೂಸು, ಅಳುವುದೇ ಇಲ್ಲ ಎನ್ನುತ್ತಾರೆ. ನರ್ಸಮ್ಮನವರಿಗೆ ಆ ಮಾತು ಕೇಳಿದರೆ ಭಯವಾಗುತ್ತದೆ. ಅವರು ಅಂಗಾಲನ್ನು ಮುಟ್ಟಿ ತಣ್ಣಗಿದೆಯೇ ನೋಡುತ್ತಾರೆ, ಹೊಕ್ಕುಳಲ್ಲಿ ಕೀವು ಇದೆಯೇ ನೋಡುತ್ತಾರೆ, ಅಂಗೈ ಅಂಗಾಲಿಗೆ ಹಳದಿ ಬಣ್ಣ ಇಳಿದಿದೆಯೇ ನೋಡುತ್ತಾರೆ, ತಾಯಿಯ ಮಡಿಲಿಗೆ ಹಾಕಿ ಮೊಲೆ ಹಿಡಿಯುತ್ತದೆಯೇ ನೋಡುತ್ತಾರೆ, ಉಸಿರನ್ನು ಎಣಿಸುತ್ತಾರೆ. ಸೋಂಕಿನ ಗುರುತು ಕಂಡರೆ ಆಸ್ಪತ್ರೆಗೆ ಕಳುಹಿಸುವ ಮೊದಲು ಜೆಂಟಾಮೈಸಿನ್ ಸೂಜಿಯ ಮೊದಲ ಪ್ರಮಾಣವನ್ನೂ ಅಮಾಕ್ಸಿಸಿಲಿನ್ನನ್ನೂ ತಾವೇ ಕೊಡುವ ಅಧಿಕಾರವನ್ನು 2014ರ ಕೇಂದ್ರ ಸರ್ಕಾರದ ಸೂಚನೆ ಅವರಿಗೆ ಕೊಟ್ಟಿದೆ. ಡಾಕ್ಟರರು ಸಿಕ್ಕುವವರೆಗೆ ಹೋಗುವ ಮೂರು ನಾಲ್ಕು ಗಂಟೆಯಲ್ಲಿ ಔಷಧ ಆಗಲೇ ಮೈಯಲ್ಲಿ ಕೆಲಸ ಮಾಡುತ್ತಿರುತ್ತದೆ. ಸೂಜಿ ಬೇಡ ಎಂದು ಒಂದು ಮಗುವಿಗೆ ಹೇಳಿದವರೇ ಮತ್ತೊಂದು ಕೂಸಿಗೆ ಕೇಳುವ ಮೊದಲೇ ಸೂಜಿ ಹಾಕುತ್ತಾರೆ ಎಂಬುದನ್ನು ಗಮನಿಸಿರಿ. ತರಬೇತಿಯೆಂದರೆ ಇದೇ.

ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ನಿಮ್ಮ ಮನೆಗೆ ಬರುವುದು ಈ ಕಾರಣಕ್ಕಾಗಿಯೇ. ತೂಕ ನೋಡುತ್ತಾರೆ, ಮೈ ಬಿಸಿ ನೋಡುತ್ತಾರೆ, ಅನುಮಾನವಿದ್ದರೆ ನರ್ಸಮ್ಮನವರಿಗೆ ಹೇಳುತ್ತಾರೆ. ಇದು ಸರ್ಕಾರದ ಕಾಗದದ ಕೆಲಸ ಎಂದು ತಿಳಿಯಬೇಡಿರಿ. ಮಹಾರಾಷ್ಟ್ರದ ಗಡ್‌ಚಿರೋಲಿಯ ಹಳ್ಳಿಗಳಲ್ಲಿ ಡಾಕ್ಟರ್ ಅಭಯ್ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೇ ಹಸುಗೂಸಿನ ಆರೈಕೆಯನ್ನು ಕಲಿಸಿ, ಮನೆ ಮನೆಗೆ ಕಳುಹಿಸಿ ನೋಡಿದರು. ಹಸುಗೂಸುಗಳ ಸಾವು ನೂರಕ್ಕೆ 62ರಷ್ಟು ಇಳಿಯಿತು. 1999ರಲ್ಲಿ ಆ ಲೆಕ್ಕ ಲೋಕಕ್ಕೆ ತಿಳಿಯಿತು. 2011ರಿಂದ ದೇಶದಲ್ಲೆಲ್ಲಾ ಈ ಮನೆಭೇಟಿಗಳು ಬಂದುವು.

ಹಿರಿಯ ತಾಯಂದಿರು ನನ್ನ ಮೇಲೆ ಕೋಪಿಸಿಕೊಳ್ಳಬಾರದು. ಬಾಣಂತಿಯನ್ನು ಬೆಚ್ಚಗಿಡಬೇಕು, ಹೊರಗಿನವರು ಕೂಸನ್ನು ಮುಟ್ಟಬಾರದು, ತಾಯಿಗೆ ಚೆನ್ನಾಗಿ ಉಣ್ಣಲಿಕ್ಕೆ ಇಡಬೇಕು ಎಂಬ ನಿಮ್ಮ ಮಾತುಗಳು ಬಂಗಾರದಂಥವು. ನರ್ಸಮ್ಮನವರೂ ಅದನ್ನೇ ಹೇಳುತ್ತಾರೆ. ಆದರೆ ಕೂಸಿಗೆ ಹರಳೆಣ್ಣೆ ಕುಡಿಸುವುದು, ಬಜೆ ತೇಯ್ದು ನೆಕ್ಕಿಸುವುದು, ಮೂಗಿಗೆ ಎಣ್ಣೆ ಬಿಡುವುದು, ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಹಾಕುವುದು, ಇವು ಬೇಡ. ಹೊಟ್ಟೆಗೆ ಬರೆ ಹಾಕುವುದಂತೂ ಕೂಡಲೇ ಕೂಡದು. ಹಳದಿ ಕಾಯಿಲೆಗೆ ದಾರ ಕಟ್ಟಿಸುವವರು ದಾರ ಕಟ್ಟಿಸಲಿ, ಆದರೆ ನರ್ಸಮ್ಮನವರಿಗೆ ತೋರಿಸಿದ ಮೇಲೆ ಕಟ್ಟಿಸಲಿ.

ಭೇದಿಯ ವಿಷಯದಲ್ಲಿ ನಾನು ಹೆಚ್ಚು ಹೇಳಬೇಕಾಗಿಲ್ಲ. ಓ.ಆರ್.ಎಸ್. ಪೊಟ್ಟಣವನ್ನು ಎಲ್ಲರೂ ಬಲ್ಲಿರಿ. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ನೀರು ಮುಗಿದುಹೋದಾಗ, ಡಾಕ್ಟರ್ ದಿಲೀಪ್ ಮಹಲನಬೀಸರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಅದೇ ಬಗೆಯ ಮದ್ದು ಇಂದು ನಿಮ್ಮ ಅಂಗನವಾಡಿಯಲ್ಲಿ ಸಿಗುತ್ತದೆ. ಆದರೂ ತಪ್ಪು ನಡೆಯುತ್ತಿದೆ. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕುತ್ತಾರೆ. ಹಾಗೆ ಮಾಡಿದರೆ ಉಪ್ಪು ಹೆಚ್ಚಾಗಿ ಕೆಡುಕಾಗುತ್ತದೆ. ದೊಡ್ಡ ಪೊಟ್ಟಣ ಪೂರಾ, ಒಂದು ಲೀಟರ್ ಕುಡಿಯುವ ನೀರಿಗೆ. ಕಲಸಿದ್ದನ್ನು ಮಾರನೆಯ ದಿನಕ್ಕೆ ಇಡಕೂಡದು. ಜೊತೆಗೆ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ 14 ದಿನ ಪೂರ್ತಿ ಕೊಡಬೇಕು. ಎದೆಹಾಲನ್ನೂ ರಾಗಿ ಸರಿಯನ್ನೂ ನಿಲ್ಲಿಸಬಾರದು. ಮಗುವಿನ ಕಣ್ಣು ಗುಳಿಬಿದ್ದಿದೆಯೇ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ನಿಧಾನವಾಗಿ ಹಿಂದಕ್ಕೆ ಹೋಗುತ್ತದೆಯೇ ಎಂದು ನರ್ಸಮ್ಮನವರು ನೋಡಿ, ಮನೆಯಲ್ಲಿ ಸಾಕೋ ಆಸ್ಪತ್ರೆ ಬೇಕೋ ಹೇಳುತ್ತಾರೆ. ಮಲದಲ್ಲಿ ರಕ್ತ ಕಂಡರೆ ತಡಮಾಡದೆ ತೋರಿಸಿರಿ.

ನಮ್ಮ ಸೀಮೆಗೆ ಸೇರಿದ ಇನ್ನೊಂದು ಕಾಯಿಲೆ ಮೆದುಳು ಜ್ವರ. 1970ರ ದಶಕದ ಕೊನೆಯ ವರ್ಷಗಳಲ್ಲಿ ಕೋಲಾರ ಜಿಲ್ಲೆಯಲ್ಲಿ ಅದು ಎಷ್ಟು ಮಕ್ಕಳನ್ನು ಕೊಂಡೊಯ್ದಿತೆಂದು ಹಿರಿಯರಿಗೆ ನೆನಪಿರಬಹುದು. ಆಗ ಈ ತಾಲ್ಲೂಕುಗಳೂ ಕೋಲಾರ ಜಿಲ್ಲೆಗೇ ಸೇರಿದ್ದುವು; ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದುದು 2007ರಲ್ಲಿ. ಬದುಕಿ ಉಳಿದ ಮಕ್ಕಳಲ್ಲೂ ಕೈಕಾಲು ಸ್ವಾಧೀನ ತಪ್ಪಿದವರು, ಮಾತು ನಿಂತವರು ಇದ್ದರು. ಈಗ ಅದಕ್ಕೆ ಲಸಿಕೆ ಉಂಟು: ಒಂಬತ್ತು ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು. ನ್ಯುಮೋನಿಯಾ ತಡೆಯುವ ಒಂದು ಲಸಿಕೆಯೂ 2021ರಿಂದ ದೇಶದ ಎಲ್ಲ ಕಡೆ ಉಚಿತವಾಗಿ ಸಿಗುತ್ತಿದೆ. ಟೊಮೇಟೊ ಬಿಡಿಸುವ ದಿನ, ಗೂಡನ್ನು ಮಾರ್ಕೆಟ್ಟಿಗೆ ಒಯ್ಯುವ ದಿನ ಲಸಿಕೆಯ ದಿನವೂ ಬಂತೆಂದು ತಪ್ಪಿಸಿಕೊಂಡವರು ಮುಂದಿನ ಸರದಿಗೆ ಹೋಗಿರಿ. ನರ್ಸಮ್ಮನವರು ಗದರಿಸಬಹುದು, ಗದರಿಸಿದರೆ ಗದರಿಸಲಿ, ಲಸಿಕೆ ಬೀಳುವುದು ಮುಖ್ಯ.

ಅಂಗನವಾಡಿಯಲ್ಲಿ ಮಗುವಿನ ತೋಳಿಗೆ ಒಂದು ಬಣ್ಣದ ಪಟ್ಟಿ ಸುತ್ತಿ ಅಳೆಯುವುದನ್ನು ನೋಡಿರುತ್ತೀರಿ. ಆರು ತಿಂಗಳಿನಿಂದ ಐದು ವರ್ಷದ ಮಗುವಿನ ತೋಳು ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರವಾಗಿ ಸೊರಗಿದ ಮಗು. ಅಂಥ ಮಗುವಿಗೆ ಸಾಮಾನ್ಯ ಭೇದಿಯೂ ಪ್ರಾಣಕ್ಕೆ ಬರಬಹುದು. ಅದನ್ನು ನರ್ಸಮ್ಮನವರು ಬೇರೆ ಕಣ್ಣಿನಿಂದಲೇ ನೋಡುತ್ತಾರೆ. ನಮ್ಮ ಮನೆತನವೇ ತೆಳ್ಳಗೆ ಎಂದು ಹೇಳಿ ಸುಮ್ಮನಾಗಬೇಡಿರಿ.

ನರ್ಸಮ್ಮನವರು ಡಾಕ್ಟರರಲ್ಲ. ಈ ಮಾತನ್ನು ಊರಿನ ಕೆಲವರು ಹಗುರವಾಗಿ ಆಡುತ್ತಾರೆ. ಆದರೆ ಅದನ್ನು ಎಲ್ಲರಿಗಿಂತ ಮೊದಲು ಹೇಳುವವರು ಅವರೇ. ಅವರ ವಿದ್ಯೆಯಲ್ಲಿ ಅರ್ಧ ಭಾಗ, ತಮ್ಮ ಕೈಮೀರಿದ್ದು ಯಾವುದು ಎಂದು ಹೊತ್ತಿಗೆ ಮುಂಚೆ ತಿಳಿಯುವುದು. ಮಗುವನ್ನು ಮುಂದಕ್ಕೆ ಕಳುಹಿಸಿದರೆಂದ ಮೇಲೆ ಇವರಿಗೆ ಏನೂ ಬರುವುದಿಲ್ಲ ಎಂದು ಆಡಿಕೊಳ್ಳುವುದನ್ನು ನಾನು ಕೇಳಿದ್ದೇನೆ. ಪಕ್ಕೆ ಸೆಳೆಯುವ ಮಗುವನ್ನು ಇಟ್ಟುಕೊಂಡು ಕೂರುವವರಿಗೇ ಏನೂ ಬರುವುದಿಲ್ಲ ಎಂದು ನನ್ನ ಅಭಿಪ್ರಾಯ.

ಇನ್ನು ಗ್ರಾಮದವರು ಮಾಡಬೇಕಾದ ಕೆಲಸ. ಪಂಚಾಯಿತಿಯ ಸದಸ್ಯರು ಇಲ್ಲಿದ್ದಾರೆ. ಅವರನ್ನು ಉದ್ದೇಶಿಸಿಯೇ ಹೇಳುತ್ತೇನೆ. ಉಪಕೇಂದ್ರದಲ್ಲಿ ನಲ್ಲಿ ಬರುತ್ತದೆಯೇ? ರಾತ್ರಿ ದೀಪ ಇದೆಯೇ? ಕಕ್ಕಸಿಗೆ ಬಾಗಿಲು ಇದೆಯೇ? ಕಟ್ಟಡ ಊರಾಚೆ ಇದ್ದರೆ ಅಲ್ಲಿಗೆ ಹೋಗುವ ದಾರಿ ಹೆಂಗಸೊಬ್ಬರು ಕತ್ತಲಲ್ಲಿ ನಡೆಯುವಂತಿದೆಯೇ? ಇವೆಲ್ಲಾ ಇಲ್ಲದ ಕಡೆ ನರ್ಸಮ್ಮನವರು ಊರಿನಲ್ಲಿ ಉಳಿಯುವುದಿಲ್ಲ, ಪೇಟೆಯಿಂದ ಬಂದು ಹೋಗುತ್ತಾರೆ ಎಂದು ದೂರುವುದರಲ್ಲಿ ಅರ್ಥವಿಲ್ಲ. ಇವರಲ್ಲಿ ಅನೇಕರು ಗುತ್ತಿಗೆಯ ಮೇಲೆ ದುಡಿಯುವವರು. ಪ್ರತಿ ಹಳ್ಳಿಗೂ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂದೊಂದು ಉಂಟು. ಅದು ಕಾಗದದ ಮೇಲೆ ಸಭೆ ಸೇರುವುದನ್ನು ಬಿಟ್ಟು ಒಂದು ದಿನ ಉಪಕೇಂದ್ರದ ಜಗಲಿಯ ಮೇಲೆ ಸೇರಿ ಈ ನಾಲ್ಕು ವಿಷಯಗಳನ್ನು ಕಣ್ಣಾರೆ ನೋಡಲಿ. ರಾತ್ರಿ ಅವರನ್ನು ಕರೆಯಲು ಹೋಗುವಾಗ ಹುಡುಗರನ್ನು ಮಾತ್ರ ಕಳುಹಿಸಬೇಡಿರಿ, ಮನೆಯ ಹಿರಿಯ ಹೆಂಗಸೊಬ್ಬರು ಜೊತೆಗೆ ಹೋಗಲಿ.

ಭಾಷೆಯ ಮಾತೂ ಒಂದಿದೆ. ನಮ್ಮಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ನರ್ಸಮ್ಮನವರು ಬೇರೆ ಸೀಮೆಯವರಾಗಿದ್ದರೆ ಅಜ್ಜಿ ಹೇಳುವುದು ಅವರಿಗೆ ಅರ್ಥವಾಗುವುದಿಲ್ಲ, ಅವರು ಹೇಳಿದ ಔಷಧದ ಲೆಕ್ಕ ಅಜ್ಜಿಗೆ ಅರ್ಥವಾಗುವುದಿಲ್ಲ. ನಾಚಿಕೊಂಡು ತಲೆಯಾಡಿಸಿ ಬರಬೇಡಿರಿ. ಕನ್ನಡ ಬಲ್ಲ ಸೊಸೆಯನ್ನೋ ಶಾಲೆಗೆ ಹೋಗುವ ಮೊಮ್ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿರಿ. ದಿನಕ್ಕೆ ಎಷ್ಟು ಸಲ, ಎಷ್ಟು ಪ್ರಮಾಣ, ಎಷ್ಟು ದಿನ ಎಂಬುದನ್ನು ನರ್ಸಮ್ಮನವರ ಎದುರಿಗೇ ಒಮ್ಮೆ ತಿರುಗಿ ಹೇಳಿರಿ. ಅವರೂ ಅದನ್ನು ಇಷ್ಟಪಡುತ್ತಾರೆ.

ಕೊನೆಯದಾಗಿ, ಹೊರಡಿರಿ ಎಂದಾಗ ಹೇಗೆ ಹೊರಡಬೇಕು ಎಂಬುದು. ಯಜಮಾನರು ಹೊಲದಿಂದ ಬರಲಿ, ದುಡ್ಡು ಹೊಂದಿಸೋಣ, ಇಂದು ಅಮಾವಾಸ್ಯೆ ಎಂಬ ಯಾವ ಕಾರಣಕ್ಕೂ ನಿಲ್ಲಬೇಡಿರಿ. 108ಕ್ಕೆ ಫೋನು ಮಾಡಿದರೆ ಆಂಬ್ಯುಲೆನ್ಸಿಗೆ ದುಡ್ಡಿಲ್ಲ. 2008ರಿಂದ ನಮ್ಮ ರಾಜ್ಯದಲ್ಲಿ ಅದು ಓಡುತ್ತಿದೆ. ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಹೋಗಿಬರುವ ವಾಹನ ಉಚಿತವೆಂದು ಸರ್ಕಾರದ ಏರ್ಪಾಟಿದೆ. ಯಾರಾದರೂ ದುಡ್ಡು ಕೇಳಿದರೆ ಈ ಮಾತನ್ನು ಧೈರ್ಯವಾಗಿ ಹೇಳಿರಿ. ಯಾವ ಆಸ್ಪತ್ರೆಗೆ ಹೋಗಬೇಕೆಂದು ನರ್ಸಮ್ಮನವರನ್ನೇ ಕೇಳಿರಿ. ಹಸುಗೂಸಾದರೆ ಅದರ ಆರೈಕೆಯ ಘಟಕ ಇರುವ ಕಡೆಗೇ ನೇರವಾಗಿ ಕಳುಹಿಸುತ್ತಾರೆ. ನಡುವೆ ಎರಡು ಕಡೆ ಇಳಿದು ಹೊತ್ತು ಕಳೆಯಬೇಕಾಗಿಲ್ಲ.

ದಾರಿಯಲ್ಲಿ ಹಸುಗೂಸನ್ನು ಬಟ್ಟೆಯ ಗಂಟಿನಂತೆ ಸುತ್ತಿ ಬೇರೊಬ್ಬರ ಕೈಗೆ ಕೊಡಬೇಡಿರಿ. ತಾಯಿಯ ಎದೆಯ ಬರಿಮೈಗೆ ಕೂಸಿನ ಬರಿಮೈ ತಾಗುವಂತೆ ನೆಟ್ಟಗೆ ಒರಗಿಸಿ, ತಲೆಗೆ ಕುಲಾವಿ ಹಾಕಿ, ಮೇಲೆ ಸೀರೆಯ ಸೆರಗನ್ನೋ ಹೊದಿಕೆಯನ್ನೋ ಹೊದಿಸಿರಿ. ಮೂಗು ಬಾಯಿ ಮುಚ್ಚದಿರಲಿ. ತಾಯಿಗೆ ಮೈ ಸರಿಯಿಲ್ಲದಿದ್ದರೆ ತಂದೆಯ ಎದೆಯೂ ಆಗುತ್ತದೆ. ಅದರಲ್ಲಿ ನಾಚಿಕೆ ಏನೂ ಇಲ್ಲ. ಚೀಪುವ ಶಕ್ತಿಯಿದ್ದರೆ ದಾರಿಯುದ್ದಕ್ಕೂ ಮೊಲೆ ಕೊಡುತ್ತಿರಲಿ. ಭೇದಿಯ ಮಗುವಾದರೆ ಎಚ್ಚರವಾಗಿರುವವರೆಗೆ ಓ.ಆರ್.ಎಸ್. ನೀರನ್ನು ಗುಟುಕು ಗುಟುಕಾಗಿ ಕೊಡಿರಿ. ಮಂಪರಿನಲ್ಲಿರುವ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿರಿ. ತಾಯಿ ಕಾರ್ಡನ್ನು ಮರೆಯಬೇಡಿರಿ. ಯಾವ ಔಷಧವನ್ನು ಎಷ್ಟು ಗಂಟೆಗೆ ಕೊಟ್ಟೆನೆಂದು ನರ್ಸಮ್ಮನವರು ಒಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಆ ಚೀಟಿ ಯಾರ ಜೇಬಿನಲ್ಲೋ ಉಳಿಯದೆ ತಾಯಿಯ ಕೈಯಲ್ಲೇ ಇರಲಿ. ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಕಂಡ ಡಾಕ್ಟರರಿಗೋ ನರ್ಸಿಗೋ ಅದನ್ನು ಕೊಟ್ಟು, ಆಮೇಲೆ ಹೆಸರು ಬರೆಸಲು ಹೋಗಿರಿ.